ಆಪ್ತಸಮಾಲೋಚನೆ: ಕೇಳುವ ಕೌಶಲ, ಕಾಯುವ ಹೊಣೆ



ಈ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದು, ವಿಷಯದ ಆಯ್ಕೆಯನ್ನೂ ನನಗೇ ಬಿಟ್ಟಿದ್ದೀರಿ. ಆಪ್ತಸಮಾಲೋಚಕರು ಮತ್ತು ಅವರ ಬಳಿ ಬರುವವರ ನಡುವಿನ ಸಂಬಂಧದ ಬಗ್ಗೆ ಇಂದು ಮಾತನಾಡುತ್ತೇನೆ. ಆ ಸಂಬಂಧಕ್ಕೆ ಬೇಕಾದ ಮೂಲ ಕೌಶಲಗಳು ಯಾವುವು, ಅದನ್ನು ಕಾಯುವ ನೀತಿ ಯಾವುದು ಎಂಬುದು ನನ್ನ ಮಾತಿನ ವ್ಯಾಪ್ತಿ.

ಮನಸ್ಸಿನ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಮಾತು ಹೊಸದೇನಲ್ಲ. ‘ಕೊರವಂಜಿ’ಯನ್ನು ನಡೆಸಿದ ವೈದ್ಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿ ದುಡಿದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳನ್ನು ಓದಿ, ತಮಗಿರುವುದು ಗಾಳಿಸೋಂಕಲ್ಲ, ಚಿಕಿತ್ಸೆ ಇರುವ ಕಾಯಿಲೆ ಎಂದು ಮೊದಲ ಬಾರಿಗೆ ತಿಳಿದುಕೊಂಡ ಕುಟುಂಬಗಳು ಈ ನಾಡಿನಲ್ಲಿ ಬಹಳ ಇವೆ. ಇತ್ತೀಚಿನ ಬದಲಾವಣೆ ಬೇರೆ ಬಗೆಯದು. ಆಪ್ತಸಮಾಲೋಚನೆ ಈಗ ಒಂದು ಹುದ್ದೆಯಾಗಿದೆ. ಕೌಟುಂಬಿಕ ನ್ಯಾಯಾಲಯದಲ್ಲಿ, ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ, ಮಹಿಳಾ ಸಾಂತ್ವನ ಕೇಂದ್ರದಲ್ಲಿ, ಕಾಲೇಜಿನ ಮೂಲೆಯ ಕೋಣೆಯಲ್ಲಿ ಸಮಾಲೋಚಕರು ಕೂತಿದ್ದಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕರಾದರೂ ಇರಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಈ ಸಭೆಯಲ್ಲಿ ಕುಳಿತ ಎಷ್ಟೋ ವಿದ್ಯಾರ್ಥಿಗಳು ನಾಳೆ ಆ ಕುರ್ಚಿಯಲ್ಲಿ ಕೂರುವವರು.

ಮೊದಲು ಕೇಳುವ ಕೌಶಲ, ಆಮೇಲೆ ಗೌಪ್ಯತೆ, ನಂತರ ಸಂಬಂಧದ ಎಲ್ಲೆ, ಕೊನೆಯಲ್ಲಿ ನಮ್ಮ ಅಳವನ್ನು ನಾವೇ ಅರಿಯುವ ವಿಚಾರ. ಇದು ನನ್ನ ಮಾತಿನ ಕ್ರಮ. ಎರಡನೆಯದಕ್ಕೆ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ, ಏಕೆಂದರೆ ನಮ್ಮಲ್ಲಿ ಅತಿ ಹೆಚ್ಚು ಹಾನಿ ಆಗುತ್ತಿರುವುದು ಅಲ್ಲೇ. ಪಠ್ಯಕ್ರಮಗಳಲ್ಲಿ ಕೌಶಲಕ್ಕೆ ಒಂದು ಪತ್ರಿಕೆ, ನೀತಿಗೆ ಇನ್ನೊಂದು ಪತ್ರಿಕೆ ಇರುತ್ತದೆ. ನೀತಿಯ ಪತ್ರಿಕೆಯನ್ನು ಪರೀಕ್ಷೆಯ ಹಿಂದಿನ ದಿನ ಬಾಯಿಪಾಠ ಮಾಡುವುದೂ ಉಂಟು. ಇವು ಎರಡಲ್ಲ ಎಂಬುದು ನನ್ನ ವಾದ. ಸರಿಯಾಗಿ ಕೇಳಿಸಿಕೊಳ್ಳದವರು ಎಷ್ಟೇ ಒಳ್ಳೆಯವರಾದರೂ ಎದುರಿಗಿದ್ದವರಿಗೆ ಅನ್ಯಾಯ ಮಾಡುತ್ತಾರೆ. ಬಾಯಿ ಕಾಯದವರು ಎಷ್ಟೇ ಜಾಣತನದಿಂದ ಕೇಳಿದರೂ ಅದು ಕೌಶಲವಾಗುವುದಿಲ್ಲ.

ಕೇಳುವ ವಿಚಾರಕ್ಕೆ ಬರುತ್ತೇನೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940ರ ಹೊತ್ತಿಗೆ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಒಂದು ಹೊಸ ಕೆಲಸ ಮಾಡಿದರು. ಸಮಾಲೋಚನೆಯ ಮಾತುಕತೆಯನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸಿಕೊಂಡರು. 1942ರ ಅವರ ಪುಸ್ತಕದಲ್ಲಿ ಒಬ್ಬ ವ್ಯಕ್ತಿಯೊಡನೆ ನಡೆದ ಇಡೀ ಸಮಾಲೋಚನೆ, ಹೆಸರು ಬದಲಿಸಿ, ಮಾತು ಮಾತಿಗೂ ಅಚ್ಚಾಯಿತು. ಅಲ್ಲಿಯವರೆಗೆ ಮುಚ್ಚಿದ ಬಾಗಿಲ ಹಿಂದೆ ಏನು ನಡೆಯಿತೆಂದು ಸಮಾಲೋಚಕರು ನೆನಪಿನಿಂದ ಹೇಳಿದ್ದೇ ಪ್ರಮಾಣವಾಗಿತ್ತು. ಈಗ ತಾವು ಎಲ್ಲಿ ಬಾಯಿ ಹಾಕಿದೆವು, ಎಲ್ಲಿ ಮಾತನ್ನು ತಮಗೆ ಬೇಕಾದ ಕಡೆಗೆ ಎಳೆದೆವು ಎಂಬುದನ್ನು ವಿದ್ಯಾರ್ಥಿಗಳು ತಮ್ಮ ಕಿವಿಯಿಂದಲೇ ಕೇಳಬಹುದಾಯಿತು. ಕೇಳುವುದು ಹುಟ್ಟುಗುಣ ಎಂಬ ನಂಬಿಕೆ ಹೋಗಿ, ಅದನ್ನು ಕಲಿಯಬಹುದು, ಕಲಿಸಬಹುದು, ತಿದ್ದಬಹುದು ಎಂಬ ತಿಳಿವಳಿಕೆ ಬಂದದ್ದು ಹೀಗೆ. 1957ರ ಒಂದು ಲೇಖನದಲ್ಲಿ ರೋಜರ್ಸ್ ಈ ಸಂಬಂಧಕ್ಕೆ ಬೇಕಾದ ಷರತ್ತುಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ ಮೂರು ಸಮಾಲೋಚಕರ ನಡೆಗೆ ಸೇರಿದವು. ನಟಿಸದೆ ತಾವು ತಾವಾಗಿಯೇ ಇರುವುದು, ಬಂದವರನ್ನು ಷರತ್ತು ಹಾಕದೆ ಆದರಿಸುವುದು, ಅವರ ಒಳಗಿನಿಂದ ಅವರ ಲೋಕವನ್ನು ಅರಿಯಲು ಯತ್ನಿಸುವುದು.

ಓದುವಾಗ ಇವು ಸುಲಭವಾಗಿ ಕಾಣುತ್ತವೆ. ಷರತ್ತಿಲ್ಲದ ಆದರ ಎಂಬುದನ್ನೇ ತೆಗೆದುಕೊಳ್ಳಿ. ನಮ್ಮ ನಾಡಿನಲ್ಲಿ ಅದರ ಮೊದಲ ಪರೀಕ್ಷೆ ನಡೆಯುವುದು ಏಕವಚನ ಬಹುವಚನದಲ್ಲಿ. ಸಹಾಯ ಕೇಂದ್ರಕ್ಕೆ ಕೂಲಿ ಕೆಲಸದ ಹೆಂಗಸು ಬಂದರೆ ‘ಏನಮ್ಮ, ಏನಾಯ್ತು ನಿಂದು?’ ಎನ್ನುತ್ತೇವೆ. ಅದೇ ಕುರ್ಚಿಗೆ ಬ್ಯಾಂಕ್ ಉದ್ಯೋಗಿ ಬಂದರೆ ‘ಕೂತ್ಕೊಳ್ಳಿ ಮೇಡಂ, ನೀರು ಕುಡೀತೀರಾ?’ ಇಬ್ಬರ ಗಂಡಂದಿರೂ ಹೊಡೆದದ್ದು ಒಂದೇ ರೀತಿ. ಮೊದಲನೆಯವಳಿಗೆ ತನ್ನ ನೋವಿನ ಬೆಲೆ ಎಷ್ಟೆಂದು ಮೊದಲ ವಾಕ್ಯದಲ್ಲೇ ಗೊತ್ತಾಗಿಬಿಡುತ್ತದೆ. ಹದಿನಾರರ ಹುಡುಗಿಗೂ ನಾನು ‘ನೀವು’ ಎಂದೇ ಶುರುಮಾಡುತ್ತೇನೆ. ‘ನೀನು ಅನ್ನಿ ಮೇಡಂ’ ಎಂದು ಆಕೆಯೇ ಹೇಳಿದರೆ ಆಗ ಬದಲಿಸುತ್ತೇನೆ. ಆ ಅನುಮತಿ ಕೊಡುವ ಅಧಿಕಾರ ಅವಳ ಕೈಯಲ್ಲಿರಬೇಕು.

ಈಗ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಪಾಠಕ್ಕಾಗಿ ಕಟ್ಟಿದ್ದು. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದು ದ್ವಿತೀಯ ಪಿಯುಸಿ ಓದುತ್ತಿರುವ ಹುಡುಗ. ಬಂದವನೇ ಹೇಳುತ್ತಾನೆ: ‘ಓದೋಕೆ ಆಗ್ತಿಲ್ಲ ಮೇಡಂ. ಪುಸ್ತಕ ತೆಗೆದ್ರೆ ತಲೆಗೆ ಏನೂ ಹೋಗಲ್ಲ. ಅಪ್ಪ ಸಾಲ ಮಾಡಿ ಸೇರಿಸಿದಾರೆ.’

ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಬರುವ ಮೊದಲ ಉತ್ತರ: ‘ಟೈಂಟೇಬಲ್ ಹಾಕ್ಕೋ, ಮೊಬೈಲ್ ದೂರ ಇಡು, ಬೆಳಿಗ್ಗೆ ಐದಕ್ಕೆ ಏಳು.’ ಎರಡನೆಯದು: ‘ಚಿಂತೆ ಮಾಡಬೇಡ, ಎಲ್ಲಾ ಸರಿಹೋಗುತ್ತೆ.’ ಮೊದಲನೆಯದರಲ್ಲಿ ಕೆಟ್ಟದ್ದೇನೂ ಇಲ್ಲ, ಆದರೆ ಈ ಮಾತನ್ನು ಅವನು ಮನೆಯಲ್ಲಿ, ತರಗತಿಯಲ್ಲಿ, ನೆಂಟರ ಬಾಯಲ್ಲಿ ಕೇಳಿ ಕೇಳಿಯೇ ಇಲ್ಲಿಗೆ ಬಂದಿದ್ದಾನೆ. ಎರಡನೆಯದು ಸಮಾಧಾನದಂತೆ ಕೇಳಿಸಿದರೂ ಅವನ ಮಾತಿಗೆ ಹಾಕಿದ ಬೀಗ. ಎಲ್ಲಾ ಸರಿಹೋಗುತ್ತೆ ಎಂದ ಮೇಲೆ ಅವನಿಗೆ ಹೇಳಲು ಇನ್ನೇನು ಉಳಿಯುತ್ತದೆ?

ಮೂರನೆಯ ಉತ್ತರ ಹೀಗಿರಬಹುದು: ‘ಓದೋಕೆ ಅಂತ ಕೂತಾಗ ಅಪ್ಪ ಮಾಡಿರೋ ಸಾಲವೂ ಕಣ್ಣೆದುರಿಗೆ ಬರುತ್ತೆ, ಹಾಗಾ?’ ಇದರಲ್ಲಿ ಸಲಹೆಯಿಲ್ಲ, ಸಾಂತ್ವನವೂ ಇಲ್ಲ. ಅವನು ಬಿಡಿಬಿಡಿಯಾಗಿ ಹೇಳಿದ ಎರಡು ಮಾತುಗಳನ್ನು ಜೋಡಿಸಿ ಅವನ ಮುಂದೆ ಇಟ್ಟಿದ್ದೇವೆ, ಅಷ್ಟೆ. ಕೊನೆಯ ‘ಹಾಗಾ?’ ಮುಖ್ಯ. ನಾವು ತಪ್ಪಾಗಿ ತಿಳಿದಿದ್ದರೆ ಅವನು ತಿದ್ದಲು ಅದು ಜಾಗ ಬಿಡುತ್ತದೆ. ಹುಡುಗ ಸುಮ್ಮನಾಗುತ್ತಾನೆ. ಅರ್ಧ ನಿಮಿಷ ಕಳೆಯುತ್ತದೆ. ಹೊಸ ಸಮಾಲೋಚಕರಿಗೆ ಆ ಅರ್ಧ ನಿಮಿಷ ಸಹಿಸಲಾಗುವುದಿಲ್ಲ, ಬೇರೆ ಪ್ರಶ್ನೆ ಕೇಳಿ ಅದನ್ನು ತುಂಬಿಸಿಬಿಡುತ್ತಾರೆ. ಕಾದರೆ ಅವನೇ ಮುಂದುವರಿಸುತ್ತಾನೆ: ‘ಅಪ್ಪನ ಫೋನ್ ಬಂದ್ರೆ ಎತ್ತೋಕೆ ಕೈ ನಡುಗುತ್ತೆ ಮೇಡಂ. ಟೆಸ್ಟಲ್ಲಿ ಫೇಲಾಗಿದ್ದು ಇನ್ನೂ ಹೇಳಿಲ್ಲ.’ ಓದಿನ ಸಮಸ್ಯೆ ಎಂದು ಬಂದದ್ದು ಭಯ ಮತ್ತು ಅಪರಾಧಭಾವದ ಸಮಸ್ಯೆ ಎಂದು ತಿಳಿದದ್ದು ಈಗ. ಟೈಂಟೇಬಲ್ ಹಾಕಿಕೊಟ್ಟು ಕಳಿಸಿದ್ದರೆ ಅದು ಒಳಗೇ ಉಳಿಯುತ್ತಿತ್ತು.

ಪ್ರಶ್ನೆ ಕೇಳುವ ಬಗ್ಗೆಯೂ ಒಂದು ಮಾತು. ‘ಯಾಕೆ’ ಎಂದು ಶುರುವಾಗುವ ಪ್ರಶ್ನೆಗೆ ನಮ್ಮ ಮಕ್ಕಳು ಚಿಕ್ಕಂದಿನಿಂದ ಉತ್ತರ ಕೊಟ್ಟಿರುವುದು ಬೈಗುಳದ ನಡುವೆ. ‘ಯಾಕೆ ಹೇಳಲಿಲ್ಲ?’ ಎಂದರೆ ಅವನು ತನ್ನನ್ನು ಸಮರ್ಥಿಸಿಕೊಳ್ಳಲು ಸಿದ್ಧನಾಗುತ್ತಾನೆ. ‘ಹೇಳಿದ್ರೆ ಏನಾಗಬಹುದು ಅನ್ಸುತ್ತೆ?’ ಎಂದರೆ ಯೋಚಿಸುತ್ತಾನೆ. ಹಾಗೆಯೇ ನಮ್ಮ ಜನ ದುಃಖವನ್ನು ದುಃಖವೆಂದು ಹೇಳುವುದು ಕಡಿಮೆ. ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಕೈಕಾಲಲ್ಲಿ ಶಕ್ತಿ ಇಲ್ಲ, ಯಾವುದೂ ಬೇಡ ಅನ್ಸುತ್ತೆ ಎನ್ನುತ್ತಾರೆ. ಅದನ್ನು ಪುಸ್ತಕದ ಪದಕ್ಕೆ ಬದಲಿಸುವ ಆತುರ ಬೇಡ. ‘ಎದೆ ಭಾರ ಯಾವಾಗ ಜಾಸ್ತಿ ಆಗುತ್ತೆ?’ ಎಂದು ಅವರ ಮಾತಿನಲ್ಲೇ ಮುಂದುವರಿದರೆ ಅವರು ಜೊತೆಗೆ ಬರುತ್ತಾರೆ. ದೇಹದ ಕಾಯಿಲೆಯೂ ಇರಬಹುದಾದ್ದರಿಂದ ವೈದ್ಯರಿಗೆ ತೋರಿಸಿದ್ದೀರಾ ಎಂದು ಕೇಳುವುದನ್ನು ಮಾತ್ರ ಮರೆಯಬಾರದು.

ಒಂದು ಪ್ರಶ್ನೆಯನ್ನು ಬಳಸು ಮಾತಿಲ್ಲದೆ ನೇರವಾಗಿ ಕೇಳಬೇಕು. ‘ಬದುಕು ಸಾಕು ಅನ್ಸಿದೆ’ ಎಂದು ಯಾರಾದರೂ ಹೇಳಿದಾಗ, ‘ಸಾಯಬೇಕು ಅನ್ನೋ ಯೋಚನೆ ಬರುತ್ತಾ?’ ಎಂದು ಕೇಳಲು ಹಿಂಜರಿಯಬಾರದು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಶಿಕ್ಷಕರಲ್ಲಿ, ಪೋಷಕರಲ್ಲಿ ಬಹಳ ಇದೆ. ಅದು ತಪ್ಪು ತಿಳಿವಳಿಕೆ. ಆ ಯೋಚನೆಯನ್ನು ಒಬ್ಬರೇ ಹೊತ್ತುಕೊಂಡವರಿಗೆ ಯಾರೋ ಹೆದರದೆ ಕೇಳಿದ್ದೇ ದೊಡ್ಡ ಬಿಡುಗಡೆ. ಹೌದು ಎಂದರೆ ಮುಂದಿನ ಮಾತು ಅವರ ಸುರಕ್ಷತೆಯದು. ಅವರೊಡನೆ ಯಾರಿರುತ್ತಾರೆ, ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಕೈಗೆ ಸಿಗುವಂತಿದೆಯೇ, ಅದನ್ನು ಇವತ್ತೇ ಬೀಗ ಹಾಕಿಡುವವರು ಯಾರು, ಮನೋವೈದ್ಯರ ಬಳಿಗೆ ಯಾವಾಗ ಹೋಗುವುದು ಎಂಬುದನ್ನೆಲ್ಲ ಅವರು ಏಳುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲಿಟ್ಟಿದೆ. ಕಾನೂನೇ ಶಿಕ್ಷೆಯ ಭಾಷೆ ಬಿಟ್ಟ ಮೇಲೆ ನಾವು ಆ ಕೋಣೆಯಲ್ಲಿ ಬುದ್ಧಿವಾದ ಹೇಳುತ್ತ ಕೂರುವುದು ಸಲ್ಲದು.

ಇನ್ನು ಎರಡನೆಯ ವಿಚಾರ, ಗೌಪ್ಯತೆ.

ಅಪ್ಪ ಅಮ್ಮ ಮಗಳನ್ನು ಕರೆತರುತ್ತಾರೆ. ಮಗಳು ಒಳಗೆ ಮುಕ್ಕಾಲು ಗಂಟೆ ಮಾತನಾಡಿ ಹೊರಗೆ ಬರುತ್ತಾಳೆ. ಅವಳು ನೀರು ಕುಡಿಯಲು ಹೋದಾಗ ತಾಯಿ ಒಳಗೆ ಬಂದು ಮೆಲ್ಲಗೆ ಕೇಳುತ್ತಾರೆ: ‘ಏನಂದ್ಲು ಮೇಡಂ? ಯಾರಾದ್ರೂ ಹುಡುಗ ಇದಾನಾ?’ ಈ ಪ್ರಶ್ನೆಯ ಹಿಂದೆ ಹೆತ್ತ ಕರುಳು ಇದೆ. ಮನೆಯ ವಿಚಾರ ಮನೆಯವರಿಗೆ ಹೇಳದೆ ಇನ್ಯಾರಿಗೆ ಹೇಳಬೇಕು ಎಂಬುದು ಅವರ ಪ್ರಾಮಾಣಿಕ ಅಚ್ಚರಿ. ಫೀಸು ಕಟ್ಟಿದವರೂ ಅವರೇ. ಇಂಥ ಹೊತ್ತಿನಲ್ಲಿ ಸಮಾಲೋಚಕರು ಅರ್ಧ ವಾಕ್ಯ ಬಿಟ್ಟುಕೊಟ್ಟರೂ ಸಾಕು. ‘ಸ್ವಲ್ಪ ಕಾಲೇಜಿನ ಕಡೆ ಗಮನ ಇಡಿ’ ಎಂದರೆ ಸಾಕು, ಆ ರಾತ್ರಿ ಮನೆಯಲ್ಲಿ ವಿಚಾರಣೆ ನಡೆದು ಮಗಳ ಮೊಬೈಲ್ ಹೋಗುತ್ತದೆ, ಕೆಲವೊಮ್ಮೆ ಕಾಲೇಜೇ ಹೋಗುತ್ತದೆ. ಜಾತಿ ಮೀರಿದ ಪ್ರೀತಿಯಾಗಿದ್ದರೆ ಜೀವಕ್ಕೇ ಅಪಾಯವಾದ ನಿದರ್ಶನಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಆ ಹುಡುಗಿ ಮತ್ತೆಂದೂ ಯಾವ ಸಮಾಲೋಚಕರ ಮುಂದೆಯೂ ಬಾಯಿ ಬಿಡುವುದಿಲ್ಲ.

ಹಾಗಾದರೆ ತಾಯಿಗೆ ಏನು ಹೇಳಬೇಕು? ಅದನ್ನು ಬಾಗಿಲಲ್ಲಿ ನಿಂತು ಯೋಚಿಸುವಂತಾಗಬಾರದು. ಮೊದಲ ಭೇಟಿಯ ಮೊದಲ ಹತ್ತು ನಿಮಿಷ, ತಂದೆ ತಾಯಿ ಮತ್ತು ಮಗಳು ಮೂವರೂ ಎದುರಿಗಿರುವಾಗಲೇ ಹೇಳಿಬಿಡಬೇಕು: ‘ಇವರು ನನಗೆ ಹೇಳಿದ್ದು ನನ್ನ ಹತ್ತಿರ ಇರುತ್ತೆ. ನಿಮಗೆ ಗೊತ್ತಾಗಬೇಕಾದ್ದು ಇದ್ದರೆ ಇವರೇ ಹೇಳೋ ಹಾಗೆ ನಾನು ಸಹಾಯ ಮಾಡ್ತೀನಿ. ಇವರ ಜೀವಕ್ಕೆ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಮಾತ್ರ ನಾನು ಸುಮ್ಮನಿರೋಕಾಗಲ್ಲ. ಆಗಲೂ ಮೊದಲು ಇವರಿಗೆ ಹೇಳಿಯೇ ಮುಂದಿನ ಹೆಜ್ಜೆ ಇಡ್ತೀನಿ.’ ಮುಂಚೆಯೇ ಹೇಳಿದ ನಿಯಮವನ್ನು ಆಮೇಲೆ ನೆನಪಿಸಿದರೆ ಯಾರಿಗೂ ಅವಮಾನವಿಲ್ಲ. ತಾಯಿಯ ಆತಂಕಕ್ಕೂ ಅಲ್ಲಿ ಜಾಗವಿರಬೇಕು. ಅವರೊಡನೆ ಪ್ರತ್ಯೇಕವಾಗಿ ಕೂತು, ಮಗಳು ಹೇಳಿದ್ದನ್ನು ಬಿಟ್ಟು, ಅವರ ಭಯಗಳನ್ನು ಕೇಳುವುದು ನಮ್ಮ ಕೆಲಸದೊಳಗಿನದೇ.

ಈ ಮೊದಲ ಹತ್ತು ನಿಮಿಷ ನಮ್ಮ ಬಹುಪಾಲು ಕೇಂದ್ರಗಳಲ್ಲಿ ನಡೆಯುವುದೇ ಇಲ್ಲ. ಹೆಸರು, ವಿಳಾಸ, ಆಧಾರ್ ಸಂಖ್ಯೆ ಬರೆದುಕೊಂಡು ನೇರವಾಗಿ ‘ಹೇಳಿ, ಏನು ಸಮಸ್ಯೆ’ಗೆ ಹೋಗುತ್ತೇವೆ. ಗೌಪ್ಯತೆಯ ಮಿತಿಯನ್ನು ಮೊದಲೇ ಹೇಳಿದರೆ ಜನ ಮಾತನಾಡಲು ಹೆದರುತ್ತಾರೆ ಎಂಬ ವಾದವನ್ನು ಕೇಳಿದ್ದೇನೆ. ಅದನ್ನು ನಾನು ಒಪ್ಪುವುದಿಲ್ಲ. ಮಿತಿಯನ್ನು ಮುಚ್ಚಿಟ್ಟು ಮಾತನಾಡಿಸುವುದು ವಂಚನೆ. ಅದರಿಂದ ಎಷ್ಟು ಒಳ್ಳೆಯದಾದರೂ ಅದು ವಂಚನೆಯೇ.

ಇದು ಎಲ್ಲಿ ಕಠಿಣವಾಗುತ್ತದೆ ಎಂಬುದನ್ನೂ ಹೇಳಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದು ಅಪರಾಧ, ಆರು ತಿಂಗಳವರೆಗೆ ಸೆರೆವಾಸವಾಗಬಹುದು. ಸಮಾಲೋಚಕರಿಗೆ ಇದರಿಂದ ವಿನಾಯಿತಿ ಇಲ್ಲ. ಚಿಕ್ಕಪ್ಪನಿಂದ ಕಿರುಕುಳ ಅನುಭವಿಸಿದ ಮಗುವಿನ ವಿಚಾರದಲ್ಲಿ ಈ ನಿಯಮ ನಮಗೆ ಬಲ ಕೊಡುತ್ತದೆ. ಆದರೆ ಹದಿನೇಳು ವರ್ಷದ ಹುಡುಗಿ ಓರಗೆಯ ಹುಡುಗನನ್ನು ಪ್ರೀತಿಸಿ, ಗರ್ಭಿಣಿಯಾಗಿ, ನಡುಗುತ್ತ ಬಂದು ಕೂತಾಗ? ಆಕೆಗೆ ದೂರು ಬೇಕಿಲ್ಲ, ನೆರವು ಬೇಕು. ಕಾನೂನು ಮಾತ್ರ ಎರಡನ್ನೂ ಒಂದೇ ಸಾಲಿನಲ್ಲಿ ಇಡುತ್ತದೆ. ಈ ಬಿಕ್ಕಟ್ಟಿಗೆ ನನ್ನಲ್ಲಿ ಸುಲಭ ಪರಿಹಾರವಿಲ್ಲ. ಕಾನೂನನ್ನು ಮೀರಿ ಎಂದು ವಿದ್ಯಾರ್ಥಿಗಳಿಗೆ ನಾನು ಹೇಳಲಾರೆ. ನಮ್ಮ ಕೈಯಲ್ಲಿರುವುದು ಇಷ್ಟು: ಅಪ್ರಾಪ್ತ ವಯಸ್ಸಿನವರು ಬಂದಾಗ ಈ ಕಾನೂನು ನಮ್ಮನ್ನು ಕಟ್ಟಿಹಾಕಿದೆ ಎಂದು ಅವರು ಬಾಯಿ ಬಿಡುವ ಮೊದಲೇ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು. ವರದಿ ಕೊಡಲೇಬೇಕಾಗಿ ಬಂದರೆ, ಕೊಟ್ಟು ಕೈತೊಳೆದುಕೊಳ್ಳದೆ, ಆಸ್ಪತ್ರೆಯಲ್ಲಿ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ, ನ್ಯಾಯಾಲಯದಲ್ಲಿ ಆ ಮಗುವಿನ ಪಕ್ಕದಲ್ಲಿ ಇರುವುದು.

ಬೇರೆಯವರ ಜೀವದ ಅಪಾಯದ ಪ್ರಶ್ನೆಗೆ ಜಗತ್ತೆಲ್ಲ ಉದಾಹರಿಸುವ ಪ್ರಕರಣ ಕ್ಯಾಲಿಫೋರ್ನಿಯಾದ ಟರಾಸಾಫ್ ಮೊಕದ್ದಮೆ. ಭಾರತದಿಂದ ಬರ್ಕ್ಲಿಗೆ ಓದಲು ಹೋಗಿದ್ದ ವಿದ್ಯಾರ್ಥಿಯೊಬ್ಬ, ತನ್ನನ್ನು ನಿರಾಕರಿಸಿದ ಯುವತಿಯನ್ನು ಕೊಲ್ಲುವ ಯೋಚನೆಯನ್ನು ವಿಶ್ವವಿದ್ಯಾಲಯದ ಚಿಕಿತ್ಸಕರ ಮುಂದೆ ಹೇಳಿದ್ದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಹಿಡಿದು, ಮಾತನಾಡಿಸಿ, ಬಿಟ್ಟರು. ಟಟಿಯಾನಾ ಟರಾಸಾಫ್ ಎಂಬ ಆ ಯುವತಿಗೂ ಅವಳ ಮನೆಯವರಿಗೂ ಯಾರೂ ಎಚ್ಚರಿಕೆ ಕೊಡಲಿಲ್ಲ. 1969ರ ಅಕ್ಟೋಬರಿನಲ್ಲಿ ಅವಳ ಕೊಲೆಯಾಯಿತು. ಅಪಾಯದಲ್ಲಿರುವವರನ್ನು ಕಾಪಾಡಲು ಸೂಕ್ತ ಎಚ್ಚರ ವಹಿಸುವುದು ಚಿಕಿತ್ಸಕರ ಕರ್ತವ್ಯವೆಂದು 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ತೀರ್ಪು ನಮ್ಮನ್ನು ಬಂಧಿಸುವುದಿಲ್ಲ. ಆದರೆ ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ನೂ ಗೌಪ್ಯತೆಯ ಹಕ್ಕನ್ನು ಕೊಟ್ಟು, ಬೇರೆಯವರನ್ನು ಹಾನಿಯಿಂದ ಕಾಪಾಡಲು ಅದನ್ನು ಸಡಿಲಿಸುತ್ತದೆ. ಆಗಲೂ ಆ ಹಾನಿಯನ್ನು ತಡೆಯಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಹೇಳಬೇಕು. ಈ ಕೊನೆಯ ಮಾತನ್ನು ಗಮನಿಸಿ. ಬಾಗಿಲು ತೆರೆಯಬೇಕಾಗಿ ಬಂತೆಂದು ಇಡೀ ಮನೆಯನ್ನು ತೋರಿಸುವಂತಿಲ್ಲ.

ಈ ವಿಷಯದಲ್ಲಿ ನಮ್ಮ ದೇಶದ ಅತ್ಯಂತ ಸೂಕ್ಷ್ಮವಾದ ನಿಯಮ ಇರುವುದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಲ್ಲಿ ಎಂದು ನನ್ನ ಅಭಿಪ್ರಾಯ. ಸೋಂಕಿತ ವ್ಯಕ್ತಿ ತನ್ನ ಸಂಗಾತಿಗೆ ವಿಷಯ ತಿಳಿಸದಿದ್ದರೆ, ವೈದ್ಯರು ಅಥವಾ ಸಮಾಲೋಚಕರು ತಿಳಿಸಬಹುದು. ಆದರೆ ಎಷ್ಟು ಮೆಟ್ಟಿಲುಗಳು! ಸಂಗಾತಿಗೆ ನಿಜವಾದ ಅಪಾಯವಿದೆ ಎಂದು ಮನವರಿಕೆಯಾಗಬೇಕು. ನೀವೇ ಹೇಳಿ ಎಂದು ಆ ವ್ಯಕ್ತಿಗೆ ಸಮಾಲೋಚನೆ ನೀಡಿರಬೇಕು. ಅವರು ಹೇಳುವುದಿಲ್ಲ ಎಂಬುದು ಖಚಿತವಾಗಬೇಕು. ನಾನು ಹೇಳಲಿದ್ದೇನೆ ಎಂದು ಅವರಿಗೆ ಮೊದಲೇ ತಿಳಿಸಿರಬೇಕು. ಇಷ್ಟಾದ ಮೇಲೂ, ಸೋಂಕಿತರು ಹೆಂಗಸಾಗಿದ್ದು, ವಿಷಯ ಗೊತ್ತಾದರೆ ಗಂಡ ಹೊಡೆಯಬಹುದು, ಮನೆಯಿಂದ ಹೊರಹಾಕಬಹುದು ಎಂಬ ಆತಂಕಕ್ಕೆ ಕಾರಣವಿದ್ದರೆ ತಿಳಿಸುವಂತಿಲ್ಲ. ಪರೀಕ್ಷಾ ಕೇಂದ್ರಗಳಲ್ಲಿ ಗರ್ಭಿಣಿಯರಿಗೇ ಮೊದಲು ಸೋಂಕು ಪತ್ತೆಯಾಗಿ, ಗಂಡನಿಂದ ಬಂದ ಸೋಂಕಿಗೆ ಹೆಂಡತಿಯೇ ಮನೆ ಬಿಡಬೇಕಾಗಿ ಬಂದ ಅನುಭವದ ಕಹಿ ಈ ನಿಯಮದ ಹಿಂದಿದೆ. ಒಂದೇ ಸತ್ಯವನ್ನು ಹೇಳಿದರೂ ಗಂಡಿಗೆ ಆಗುವುದು ಬೇರೆ, ಹೆಣ್ಣಿಗೆ ಆಗುವುದು ಬೇರೆ ಎಂದು ಕಾನೂನು ಇಲ್ಲಿ ಕಣ್ಣು ತೆರೆದು ನೋಡಿದೆ.

ದಾಖಲೆಯ ವಿಚಾರವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಬರೆದಿಟ್ಟದ್ದೂ ಮಾತೇ. ಕಚೇರಿಯ ಮೇಜಿನ ಮೇಲೆ ಬಿದ್ದಿರುವ ರಿಜಿಸ್ಟರ್, ಪ್ರಾಂಶುಪಾಲರು ಕೇಳಿದರೆಂದು ಕಳಿಸಿದ ಪಟ್ಟಿ, ಸಿಬ್ಬಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಸರಿಲ್ಲದೆ ಹೇಳಿದ ಕಥೆ, ಇವೆಲ್ಲವೂ ಗೌಪ್ಯತೆಯ ಭಂಗ. ಚಿಕ್ಕ ಊರಿನಲ್ಲಿ ಹೆಸರು ಬಿಟ್ಟರೂ ಜನ ಗುರುತು ಹಿಡಿಯುತ್ತಾರೆ.

ಚಿಕ್ಕ ಊರು ಎಂದೆ. ಮೂರನೆಯ ವಿಚಾರಕ್ಕೆ ಅದೇ ದಾರಿ. ಸಂಬಂಧದ ಎಲ್ಲೆಯ ಬಗ್ಗೆ ಬರೆದ ಪಾಶ್ಚಾತ್ಯ ಪಠ್ಯಗಳು, ಪರಿಚಿತರಿಗೆ ಸಮಾಲೋಚನೆ ಮಾಡಬೇಡಿ, ಬೇರೆ ಯಾವ ನಂಟೂ ಇಟ್ಟುಕೊಳ್ಳಬೇಡಿ ಎನ್ನುತ್ತವೆ. ಒಂದು ತಾಲ್ಲೂಕು ಕೇಂದ್ರದಲ್ಲಿ ಇದು ನಡೆಯುವ ಮಾತಲ್ಲ. ಬೆಳಿಗ್ಗೆ ನನ್ನೆದುರು ಅತ್ತ ಹೆಂಗಸು ಸಂಜೆ ತರಕಾರಿ ಅಂಗಡಿಯಲ್ಲಿ ಸಿಗುತ್ತಾರೆ. ಮುಂದಿನ ವಾರ ಒಂದೇ ಮದುವೆಯ ಊಟದ ಪಂಕ್ತಿಯಲ್ಲಿ ಕೂರುತ್ತೇವೆ. ಅಂಥ ಊರಿನಲ್ಲಿ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು: ‘ಹೊರಗೆ ಸಿಕ್ಕಾಗ ನಾನಾಗಿ ಮಾತಾಡಿಸಲ್ಲ, ನೀವು ಮಾತಾಡಿಸಿದ್ರೆ ನಮಸ್ಕಾರ ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ.’ ಹತ್ತಿರದ ನೆಂಟರಾದರೆ, ಕೊಡುಕೊಳ್ಳುವ ವ್ಯವಹಾರವಿದ್ದರೆ, ಬೇರೆಯವರ ಬಳಿಗೆ ಕಳಿಸಬೇಕು. ಪ್ರೇಮ, ಲೈಂಗಿಕ ಸಂಬಂಧಗಳ ಬಗ್ಗೆ ಚರ್ಚೆಗೇ ಅವಕಾಶವಿಲ್ಲ. ಅದು ಶೋಷಣೆ. ಎದುರಿನವರು ಒಪ್ಪಿದ್ದರು ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ.

ನಮ್ಮ ಜನ ಕೇಳುವ ಇನ್ನೊಂದು ಪ್ರಶ್ನೆ ಇದೆ: ‘ನೀವು ಯಾವ ಕಡೆಯವರು? ಯಾವ ಪೈಕಿ?’ ಊರು ಕೇಳಿದಂತಿರುತ್ತದೆ, ಕೇಳಿದ್ದು ಜಾತಿ. ಇದನ್ನು ಅಧಿಕಪ್ರಸಂಗ ಎಂದು ತಳ್ಳಬಾರದು. ಒಬ್ಬ ದಲಿತ ಹುಡುಗ ಕೇಳಿದಾಗ, ‘ನನ್ನ ಅವಮಾನ ನಿಮಗೆ ಅರ್ಥವಾಗುತ್ತದೆಯೇ?’ ಎಂಬ ಪ್ರಶ್ನೆ ಅದರೊಳಗಿರಬಹುದು. ಮೇಲ್ಜಾತಿಯ ಹಿರಿಯರು ಕೇಳಿದಾಗ ಬೇರೆ ಅರ್ಥವಿರಬಹುದು. ಊರು ಹೇಳಿ, ‘ಇದು ತಿಳಿದ್ರೆ ನಿಮಗೆ ಮಾತಾಡೋಕೆ ಸುಲಭ ಆಗುತ್ತಾ?’ ಎಂದು ಕೇಳಿದರೆ ಒಳಗಿನ ಅಳುಕು ಹೊರಗೆ ಬರುತ್ತದೆ. ಇನ್ನು ಕೊಡುಗೆ. ತೋಟದ ಬಾಳೆಗೊನೆ ತಂದವರನ್ನು ನಿಯಮ ತೋರಿಸಿ ವಾಪಸು ಕಳಿಸುವುದು ಕ್ರೂರತನ. ಎಲ್ಲರಿಗೂ ಹಂಚಿ ತಿನ್ನಬಹುದು. ಬೆಳ್ಳಿ ಲೋಟ ತಂದರೆ ಒಪ್ಪಿಕೊಳ್ಳಬಾರದು.

ಎಲ್ಲೆ ಎಂದರೆ ಬಂದವರ ಬದುಕಿನ ತೀರ್ಮಾನಗಳಿಗೆ ಕೈ ಹಾಕದಿರುವುದೂ ಹೌದು. ಇದು ಅತಿ ಹೆಚ್ಚು ಮುರಿದುಬೀಳುವುದು ಗಂಡಹೆಂಡಿರ ಜಗಳದಲ್ಲಿ. ಸಮಾಲೋಚಕರ ಕುರ್ಚಿಯಲ್ಲಿ ಕೂತು ‘ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮ’ ಎನ್ನುವವರು ಈಗಲೂ ಇದ್ದಾರೆ. ರಾಜಿಯಾದ ಪ್ರಕರಣಗಳ ಸಂಖ್ಯೆಯನ್ನೇ ಸಾಧನೆಯೆಂದು ವರದಿಯಲ್ಲಿ ಬರೆಯುವ ಪದ್ಧತಿ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ 2006ರಲ್ಲಿ ಬಂದ ನಿಯಮಗಳು ಈ ವಿಚಾರದಲ್ಲಿ ಸ್ಪಷ್ಟವಾಗಿವೆ. ಹಿಂಸೆ ಮಾಡಿದವನು ಸಮಾಲೋಚನೆಯಲ್ಲಿ ತನ್ನ ಕೃತ್ಯಕ್ಕೆ ಯಾವ ಸಮರ್ಥನೆಯನ್ನೂ ಕೊಡುವಂತಿಲ್ಲ. ಅಡುಗೆ ಸರಿಯಿರಲಿಲ್ಲ, ಎದುರು ಮಾತಾಡಿದಳು ಎಂಬ ವಾದಕ್ಕೆ ಅಲ್ಲಿ ಜಾಗವಿಲ್ಲ, ಮತ್ತು ಹಾಗೆಂದು ಮಾತುಕತೆ ಶುರುವಾಗುವ ಮೊದಲೇ ಅವನಿಗೆ ತಿಳಿಸಬೇಕು. ಈ ಒಂದು ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ಕೌಟುಂಬಿಕ ಸಲಹಾ ಕೇಂದ್ರದ ಗೋಡೆಗೆ ಹಾಕಬೇಕೆಂದು ನನ್ನ ಒತ್ತಾಯ. ಹಾಗೆಂದು, ಗಂಡನನ್ನು ಬಿಟ್ಟುಬಿಡಿ ಎಂದು ಹೇಳುವುದೂ ನಮ್ಮ ಕೆಲಸವಲ್ಲ. ಆಕೆಯ ಮುಂದಿರುವ ದಾರಿಗಳು ಯಾವುವು, ಪ್ರತಿಯೊಂದರಲ್ಲೂ ರಕ್ಷಣೆ ಏನಿದೆ, ಹಣ ಎಲ್ಲಿಂದ ಬರುತ್ತದೆ, ಮಕ್ಕಳು ಎಲ್ಲಿರುತ್ತಾರೆ ಎಂದು ಆಕೆಯೊಂದಿಗೆ ಕೂತು ಬಿಡಿಸಿ ನೋಡಬೇಕು. ತೀರ್ಮಾನ ಆಕೆಯದು. ಅದು ನಮಗೆ ಒಪ್ಪಿಗೆಯಾಗದಿದ್ದರೂ, ಮತ್ತೆ ಬರಲು ಬಾಗಿಲು ತೆರೆದಿದೆ ಎಂದು ಆಕೆಗೆ ಗೊತ್ತಿರಬೇಕು.

ಈಗ ನಾಲ್ಕನೆಯ ಮತ್ತು ಕೊನೆಯ ವಿಚಾರ, ನಮ್ಮ ಅಳವು. ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮುಗಿಸಿದವರೂ ಬಾಗಿಲಿಗೆ ಫಲಕ ಹಾಕಬಹುದಾದ ಸ್ಥಿತಿ ನಮ್ಮಲ್ಲಿದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಸಮಾಲೋಚಕರಿಗೆ ಬಹುಕಾಲ ಅಂಥ ಚೌಕಟ್ಟೇ ಇರಲಿಲ್ಲ. 2021ರ ರಾಷ್ಟ್ರೀಯ ಸಹಬದ್ಧ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ ಅವರನ್ನೂ ಪಟ್ಟಿಗೆ ಸೇರಿಸಿದೆ. ಅದು ಪೂರ್ತಿಯಾಗಿ ನೆಲಕ್ಕಿಳಿಯುವವರೆಗೆ ನಮ್ಮನ್ನು ತಡೆಯಬೇಕಾದವರು ನಾವೇ. ಯಾರೋ ಒಬ್ಬರು, ಯಾರೂ ಇಲ್ಲದಾಗ ದನಿಗಳು ಕೇಳಿಸುತ್ತವೆ ಎಂದರೆ, ವಾರಗಟ್ಟಲೆ ನಿದ್ದೆಯಿಲ್ಲ ಎಂದರೆ, ಕುಡಿತ ಬಿಟ್ಟ ಮೂರನೇ ದಿನ ಮೈನಡುಕ ಬಂದಿದೆ ಎಂದರೆ ಅದು ಮಾತಿನಿಂದ ಗುಣವಾಗುವುದಲ್ಲ. ಮನೋವೈದ್ಯರ ಬಳಿಗೆ ಕಳಿಸಬೇಕು. ಕಳಿಸುವುದರಲ್ಲೂ ಕೌಶಲವಿದೆ. ‘ಇದು ನನ್ನ ಕೈಲಾಗಲ್ಲ, ನಿಮ್ಹಾನ್ಸ್‌ಗೆ ಹೋಗಿ’ ಎಂದರೆ ಬಂದವರು ತಮಗೆ ಹುಚ್ಚು ಎಂದುಕೊಂಡು ಮನೆಗೆ ಹೋಗುತ್ತಾರೆ. ಜಿಲ್ಲಾಸ್ಪತ್ರೆಯಲ್ಲಿ ಯಾರನ್ನು ನೋಡಬೇಕು, ಅಲ್ಲಿ ಏನು ಕೇಳುತ್ತಾರೆ, ಮಾತ್ರೆ ಕೊಟ್ಟರೆ ಏಕೆ ಕೊಡುತ್ತಾರೆ, ಆಮೇಲೂ ನಾನಿಲ್ಲಿ ಇರುತ್ತೇನೆ ಎಂದು ಹೇಳಿ ಕಳಿಸಿದರೆ ಹೋಗುತ್ತಾರೆ.

ಅಳವು ಎಂದಾಗ ಭಾಷೆಯೂ ಸೇರುತ್ತದೆ. ಲಂಬಾಣಿ ತಾಂಡಾದ ಅಜ್ಜಿಗೆ, ಉರ್ದು ಮಾತ್ರ ಬರುವ ಹೆಂಗಸಿಗೆ ಅವರ ಹತ್ತು ವರ್ಷದ ಮೊಮ್ಮಗನನ್ನೋ ಗಂಡನನ್ನೋ ದುಭಾಷಿಯಾಗಿ ಕೂರಿಸಿಕೊಳ್ಳುವುದು ಎಲ್ಲೆಡೆ ನಡೆಯುತ್ತಿದೆ. ಗಂಡನ ಮೂಲಕ ಗಂಡನ ಮೇಲಿನ ದೂರು ಹೇಗೆ ಬಂದೀತು? ಮಗು ಏನೆಲ್ಲ ಕೇಳಬೇಕಾದೀತು? ಆ ಭಾಷೆ ಬಲ್ಲ ಆಶಾ ಕಾರ್ಯಕರ್ತೆಯನ್ನೋ ಶಿಕ್ಷಕಿಯನ್ನೋ, ಬಂದವರ ಒಪ್ಪಿಗೆಯಿಂದ, ಗೌಪ್ಯತೆಯ ನಿಯಮ ತಿಳಿಸಿ, ಜೊತೆಗೆ ಕೂರಿಸಿಕೊಳ್ಳಬಹುದು.

ಕೊನೆಯದಾಗಿ ಈ ಸಂಸ್ಥೆಯ ಆಡಳಿತ ಮಂಡಳಿಯವರಲ್ಲಿ, ಮತ್ತು ಇಂಥ ಎಲ್ಲ ಸಂಸ್ಥೆಗಳವರಲ್ಲಿ, ಕೇಳಿಕೊಳ್ಳುವುದಿದೆ. ಸಮಾಲೋಚಕರಿಗೆ ನೀತಿ ಪಾಲಿಸಿ ಎನ್ನುತ್ತೇವೆ. ಅವರಿಗೆ ಕೊಟ್ಟಿರುವುದು ಸ್ಟಾಫ್ ರೂಮಿನಲ್ಲಿ ಪರದೆ ಕಟ್ಟಿದ ಒಂದು ಮೂಲೆ. ಆಚೆ ಬದಿಯಲ್ಲಿ ಉಪನ್ಯಾಸಕರು ಕಾಫಿ ಕುಡಿಯುತ್ತಿರುತ್ತಾರೆ. ಬಾಗಿಲು ಇರುವ ಕೋಣೆ ಕೊಡಿ. ಬೀಗ ಇರುವ ಕಪಾಟು ಕೊಡಿ, ಅದರ ಕೀಲಿ ಸಮಾಲೋಚಕರ ಬಳಿ ಮಾತ್ರ ಇರಲಿ. ಎಷ್ಟು ಮಂದಿ ಬಂದರು ಎಂದು ಕೇಳಿ, ಯಾರು ಬಂದರು ಎಂದು ಕೇಳಬೇಡಿ. ಅವರನ್ನೇ ಹಾಜರಾತಿ ವಿಚಾರಣೆಗೂ ಶಿಸ್ತು ಸಮಿತಿಗೂ ಹಾಕಬೇಡಿ. ಬೆಳಿಗ್ಗೆ ದಂಡ ವಿಧಿಸಿದವರ ಬಳಿಗೆ ಮಧ್ಯಾಹ್ನ ಯಾವ ವಿದ್ಯಾರ್ಥಿಯೂ ಮನಸ್ಸು ಬಿಚ್ಚಲು ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ತಿಂಗಳಿಗೆ ಎರಡು ಬಾರಿಯಾದರೂ ಅವರು ಒಬ್ಬ ಅನುಭವಿ ಹಿರಿಯ ಸಮಾಲೋಚಕರ ಜೊತೆ ಕೂತು, ಹೆಸರುಗಳನ್ನು ಬಿಟ್ಟು, ತಮ್ಮ ಕೆಲಸವನ್ನು ಚರ್ಚಿಸಲು ಸಮಯವನ್ನೂ ಅದಕ್ಕೆ ತಗಲುವ ಸಂಭಾವನೆಯನ್ನೂ ಬಜೆಟ್ಟಿನಲ್ಲಿ ಇಡಿ. ದಿನಕ್ಕೆ ಎಂಟು ಮಂದಿಯ ಸಂಕಟವನ್ನು ಕೇಳಿಸಿಕೊಂಡು, ಯಾರಿಗೂ ಹೇಳಲಾಗದೆ ಮನೆಗೆ ಹೋಗುವ ಇಪ್ಪತ್ತೈದು ವರ್ಷದ ಹುಡುಗಿಯೊಬ್ಬಳು ಈ ಊರಿನ ಯಾವುದೋ ಕಾಲೇಜಿನಲ್ಲಿ ಈಗಾಗಲೇ ಇದ್ದಾಳೆ. ನಾಳಿನ ಕಠಿಣ ಪ್ರಕರಣದಲ್ಲಿ ಪೊಲೀಸರಿಗೆ ತಿಳಿಸಬೇಕೋ ಬೇಡವೋ, ತಾಯಿಗೆ ಏನು ಹೇಳಬೇಕು ಎಂದು ಫೋನ್ ಮಾಡಿ ಕೇಳಲು ಅವಳಿಗೂ ಒಬ್ಬರು ಬೇಕು. ಅದಕ್ಕೆ ಬೇಕಾದ ವ್ಯವಸ್ಥೆಯನ್ನು ಈ ಶೈಕ್ಷಣಿಕ ವರ್ಷದಲ್ಲೇ ಮಾಡಬಹುದು.